ಪಾಲುಪಟ್ಟಿಯ ಒಂದು ಸಾಲು

ಪದವಿ ತರಗತಿಯಲ್ಲಿ ಪಂಪನ ಪಾಠ ಬಂದಾಗಲೆಲ್ಲ ನಾನು ಕುರಿಕ್ಯಾಲದ ಶಾಸನವನ್ನು ಮರೆಯದೆ ಪ್ರಸ್ತಾಪಿಸುವುದುಂಟು. ಇಂದಿನ ತೆಲಂಗಾಣದ ಕರೀಂನಗರದ ಸೀಮೆಯಲ್ಲಿ, ಒಂದು ಗುಡ್ಡದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿಯೂ ಕೊರೆಯಿಸಿದ ಆ ಬರಹ ಕವಿಯ ತಮ್ಮನಾದ ಜಿನವಲ್ಲಭನದು. ಪಂಪನು ತನ್ನ ಕಾವ್ಯದಲ್ಲಿ ತಂದೆಯ ಕಡೆಯ ಹಿರಿಯರನ್ನು ಸಾಲಾಗಿ ಹೇಳಿಕೊಂಡಿದ್ದಾನೆ. ತಾಯಿ ಅಬ್ಬಣಬ್ಬೆಯೆಂದೂ ಆಕೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದೂ ನಮಗೆ ತಿಳಿದುದು ಮಾತ್ರ ತಮ್ಮನ ಬಂಡೆಯಿಂದ. ಆದಿಕವಿಯ ತಾಯಿಯ ಹೆಸರು ಉಳಿಯಬೇಕಾದರೆ ಒಂದು ಕಲ್ಲು ಬೇಕಾಯಿತು ನೋಡಿ, ಎಂದು ನಾನು ಸ್ವಲ್ಪ ನಾಟಕೀಯವಾಗಿಯೇ ಹೇಳಿ ನಿಲ್ಲಿಸುವುದು ವಾಡಿಕೆ. ಕೆಲವು ವರ್ಷಗಳ ಹಿಂದೆ ಹಾಗೆ ಹೇಳಿ ನಿಲ್ಲಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸರ್, ನಿಮ್ಮ ಅಜ್ಜಿಯ ಅಜ್ಜಿಯ ಹೆಸರು ನಿಮಗೆ ಗೊತ್ತುಂಟಾ?” ಎಂದು ಕೇಳಿದಳು. ಕುಚೋದ್ಯವಿರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದಳು.

ನನಗೆ ಗೊತ್ತಿರಲಿಲ್ಲ. ಸಾವಿರ ವರ್ಷದ ಹಿಂದಿನ ಅಬ್ಬಣಬ್ಬೆಯ ಅಜ್ಜನನ್ನು ಬಲ್ಲ ನಾನು ನೂರು ವರ್ಷದ ಹಿಂದೆ ನಮ್ಮ ಮನೆಯ ಅಂಗಳ ಗುಡಿಸಿದವಳನ್ನು ಅರಿಯೆ. ತಪ್ಪಿಸಿಕೊಳ್ಳುವ ಉಪಾಯವಾಗಿ ಪ್ರಶ್ನೆಯನ್ನು ತರಗತಿಗೇ ತಿರುಗಿಸಿದೆ. ಕೈ ಎತ್ತಿದವರು ಮೂವರೋ ನಾಲ್ವರೋ. ಅಧ್ಯಾಪಕನ ಮಾನ ಅಂದಿಗೆ ಉಳಿಯಿತು. ಪ್ರಶ್ನೆ ಮಾತ್ರ ನನ್ನೊಡನೆ ಮನೆಗೆ ಬಂದಿತು.

ನಮ್ಮದು ನೇತ್ರಾವತಿಯ ದಂಡೆಯ ಒಂದು ಗ್ರಾಮದ ಬಿಲ್ಲವರ ಮನೆ. ಮನೆಯ ಹೆಸರನ್ನಾಗಲಿ ಹಿರಿಯರ ಹೆಸರುಗಳನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಮುಂದೆ ಹೇಳಲಿರುವ ಸಂಗತಿಯಲ್ಲಿ ಪಾಲುಳ್ಳವರು ಇನ್ನೂ ಇದ್ದಾರೆ, ಎಲ್ಲರ ಅಪ್ಪಣೆಯನ್ನೂ ನಾನು ಕೇಳಿಲ್ಲ. ಅಳಿಯಸಂತಾನದ ಮನೆಯೆಂದಮೇಲೆ ವಂಶವೆಂಬುದು ಹೆಣ್ಣಿನ ಕಡೆಯಿಂದಲೇ ಎಂದು ಈ ಊರಿನ ವಾಚಕರಿಗೆ ವಿವರಿಸಬೇಕಾಗಿಲ್ಲ. ಘಟ್ಟದ ಮೇಲಿನವರಿಗಾಗಿ ಒಂದು ಮಾತು: ಇಲ್ಲಿ ಆಸ್ತಿ ತಂದೆಯಿಂದ ಮಗನಿಗೆ ಇಳಿಯುತ್ತಿರಲಿಲ್ಲ, ಸೋದರಮಾವನಿಂದ ಸೋದರಳಿಯನಿಗೆ, ಅಂದರೆ ತಾಯಿಯ ಬಳ್ಳಿಯಲ್ಲಿಯೇ ಇಳಿಯುತ್ತಿತ್ತು. ಬಾರಕೂರಿನ ಭೂತಾಳಪಾಂಡ್ಯನು ಈ ಕಟ್ಟಳೆ ಮಾಡಿದನೆಂದು ಐತಿಹ್ಯ. ಹಡಗು ಕಡಲಿಗಿಳಿಯಲು ನರಬಲಿ ಬೇಕಾದಾಗ ಅರಸನ ಹೆಂಡತಿ ತನ್ನ ಮಗನನ್ನು ಕೊಡಲೊಲ್ಲದೆ ಹೋದಳು, ತಂಗಿ ತನ್ನ ಮಗನನ್ನು ಕೊಡಲು ಮುಂದೆ ಬಂದಳು, ಅಂದಿನಿಂದ ರಾಜ್ಯ ಅಳಿಯನಿಗೆ ಎಂಬ ಕಥೆ. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ನನಗೂ ಇದು, ಕಟ್ಟಳೆ ಮೊದಲು ಇದ್ದು ಕಥೆ ಅದಕ್ಕೆ ತಡವಾಗಿ ಅಂಟಿಕೊಂಡ ಹಾಗೆ ತೋರುತ್ತದೆ. ಅದೇನೇ ಇರಲಿ, ಇಂಥ ಮನೆಯ ವಂಶವೃಕ್ಷದಲ್ಲಿ ಗಂಡಸು ಒಂದು ಎಲೆ ಮಾತ್ರ, ಕೊಂಬೆಯಲ್ಲ. ನನ್ನ ಹೆಸರಿನೊಡನೆ ನನ್ನ ಗೆರೆ ಮುಗಿಯುತ್ತದೆ; ನನ್ನ ಮಕ್ಕಳು ಅವರ ತಾಯಿಯ ಮರಕ್ಕೆ ಸೇರಿದವರು. ಪಂಪನ ಕಥೆ ನಮ್ಮಲ್ಲಿ ತಲೆಕೆಳಗು: ನಮ್ಮವರು ತಾಯಂದಿರನ್ನು ನೆನೆದು ತಂದೆಯಂದಿರನ್ನು ಮರೆತವರು. ಆದುದರಿಂದ ಅಜ್ಜಿಯ ಅಜ್ಜಿಯ ಹೆಸರು ಸುಲಭವಾಗಿ ಸಿಕ್ಕೀತೆಂದೇ ನಾನು ನಂಬಿದ್ದೆ.

ದಸರೆಯ ರಜೆಯಲ್ಲಿ ತಾಯಿಯನ್ನು ಕರೆದುಕೊಂಡು ಹಳೆಯ ಮನೆಗೆ ಹೋದೆ. ಸೋದರಮಾವ ತೀರಿಕೊಂಡ ಮೇಲೆ ಅಲ್ಲಿ ವಾಸವಿರುವವರು ಕಡಮೆ. ಒಳಕೋಣೆಯ ಕಲೆಂಬಿಯಲ್ಲಿ, ಅಂದರೆ ಹಿಂದೆ ಬೆಲೆಯುಳ್ಳದ್ದನ್ನೆಲ್ಲ ಹಾಕಿಡುತ್ತಿದ್ದ ದೊಡ್ಡ ಮರದ ಪೆಟ್ಟಿಗೆಯಲ್ಲಿ, ಕಾಗದಗಳು ನೂಲಿನ ಕಟ್ಟುಗಳಾಗಿ ಕುಳಿತಿದ್ದವು. ತೀರ್ವೆಯ ರಶೀದಿಗಳು, ಗೇಣಿಯ ಚೀಟಿಗಳು, ಬೊಂಬಾಯಿಯಿಂದ ಬಂದ ಮನಿಯಾರ್ಡರುಗಳ ತುಂಡುಗಳು, ಒಂದು ಮೂಲಗೇಣಿ ಚೀಟಿನ ನಕಲು, ಏಳನೆಯ ನಮೂನೆಯ ಪ್ರತಿ. ಬಡವರ ಮನೆಯಲ್ಲಿ ಇಷ್ಟು ಕಾಗದ ಹೇಗೆ ಉಳಿಯಿತೆಂದು ಯಾರಿಗಾದರೂ ಆಶ್ಚರ್ಯವಾದೀತು. ಅದಕ್ಕೆ ಉತ್ತರ ಭೂಸುಧಾರಣೆ. 1974ರ ಮಾರ್ಚ್ 1ರಂದು ಗೇಣಿಭೂಮಿಯೆಲ್ಲ ಸರಕಾರಕ್ಕೆ ಸಂದು, ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ತನ್ನ ಒಕ್ಕಲುತನವನ್ನು ರುಜುವಾತು ಮಾಡಬೇಕಾಯಿತು. ಅರ್ಜಿಯ ಕಡೆಯ ಗಡುವು 1979ರ ಜೂನ್ 30ರ ತನಕ ಮುಂದುವರಿದಿತ್ತು. ಚಾಲಗೇಣಿಯ ಒಕ್ಕಲಿಗೆ ಧಣಿಗಳು ಚೀಟಿ ಕೊಡದಿದ್ದುದೇ ಹೆಚ್ಚು. ಕೊಟ್ಟ ಒಂದೊಂದು ಚೂರೂ ಆಗ ಹೊಲದಷ್ಟೇ ಬೆಲೆಯುಳ್ಳದ್ದಾಯಿತು. ಅಕ್ಷರ ಬಾರದ ನನ್ನ ಅಜ್ಜಿ ಕಾಗದದ ತುಂಡು ಕಂಡರೆ ಎತ್ತಿ ಕಲೆಂಬಿಗೆ ಹಾಕುತ್ತಿದ್ದುದು ಆ ಕಾಲದಲ್ಲಿ ಹಿಡಿದ ಅಭ್ಯಾಸ. ನನ್ನ ಅಂಗಡಿಲೆಕ್ಕದ ಚೀಟಿಗಳೂ ಅದರಲ್ಲಿದ್ದವು.

ಆ ಕಟ್ಟುಗಳ ಅಡಿಯಲ್ಲಿ ಛಾಪಾ ಕಾಗದದ ಮೇಲೆ ಬರೆದ ಪಾಲುಪಟ್ಟಿ ಇತ್ತು. ವರ್ಷ 1953.

ಈ ವರ್ಷಕ್ಕೆ ಅರ್ಥವಿದೆ. ಹಿಂದೆ ಅಳಿಯಸಂತಾನದ ಕುಟುಂಬವೆಂದರೆ ಒಡೆಯಲಾರದ ಗಡಿಗೆ. ಒಬ್ಬರು ಬೇಡಿದರೆಂದು ಪಾಲು ಮಾಡುವಂತಿರಲಿಲ್ಲ, ಯಜಮಾನನ ಕೈಯಿಂದ ಉಣ್ಣಬೇಕಿತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆ ಇದಕ್ಕೆ ದಾರಿ ತೆರೆಯಿತು. ಆ ಕಾಯಿದೆಯಲ್ಲಿ ಪಾಲು ಒಬ್ಬೊಬ್ಬ ಮನುಷ್ಯನಿಗಲ್ಲ, ‘ಕವರು’ ಎಂಬ ಶಾಖೆಗೆ. ಒಬ್ಬ ತಾಯಿಯೂ ಹೆಣ್ಣು ಸಾಲಿನಲ್ಲಿ ಅವಳಿಂದ ಇಳಿದವರೂ ಕೂಡಿ ಒಂದು ಕವರು. ಐವತ್ತು ತುಂಬದ ಹೆಣ್ಣು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು. ಇಲ್ಲವಾದರೆ ನಿಸ್ಸಂತತಿ ಕವರು. ಇನ್ನು ಮುಂದೆ ಬಳ್ಳಿ ಬೆಳೆಯದು ಎಂಬ ನಿರ್ಣಯವನ್ನು ಕಾಯಿದೆಯೇ ಹೆಂಗಸಿನ ವಯಸ್ಸಿನಿಂದ ಅಳೆದುಬಿಟ್ಟಿತ್ತು. ಸಾಹಿತ್ಯದ ಮೇಷ್ಟರಿಗೆ ಇಂಥ ಪದಗಳು ಸಿಕ್ಕರೆ ಊಟ ರುಚಿಸುವುದಿಲ್ಲ. ಇಂಗ್ಲಿಷಿನಲ್ಲಿ ಬರೆದ ಕಾಯಿದೆಯೂ ಈ ಮಾತುಗಳನ್ನು ಭಾಷಾಂತರಿಸಲಾರದೆ ಹಾಗೆಯೇ ಇಟ್ಟುಕೊಂಡಿತು.

ಇಂಥ ಪಾಲುಪಟ್ಟಿಗೆ ಸಂತತಿಯ ನಕ್ಷೆ ಅನಿವಾರ್ಯ. ನಮ್ಮದರಲ್ಲಿಯೂ ಇತ್ತು. ಮೂಲದಲ್ಲಿ ಒಬ್ಬ ಹೆಂಗಸು. ಅವಳಿಗೆ ಮೂವರು ಹೆಣ್ಣುಮಕ್ಕಳು. ಕಿರಿಯವಳು ನನ್ನ ಅಜ್ಜಿಯ ಅಜ್ಜಿ. ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಅಲ್ಲಿಗೆ ದೊರೆಯಿತು. ನಾನು ಹಿಂದಿರುಗಿ ಹೇಳಿ ಮೆಚ್ಚುಗೆ ಪಡೆದು ಮುಗಿಸಬಹುದಿತ್ತು. ಆದರೆ ಹಿರಿಯವಳ ಹೆಸರಿನ ಕೆಳಗೆ ಗೆರೆಯಿರಲಿಲ್ಲ. ಅದರ ಇದಿರಿಗೆ ಬರಹಗಾರನ ದುಂಡಕ್ಷರದಲ್ಲಿ ಎರಡು ಮಾತು: “ನಿಸ್ಸಂತತಿ ಮೃತಳು.” ಮನೆ, ಗದ್ದೆ, ತೆಂಗು, ಉಳಿದ ಮರಗಳು ಎಲ್ಲ ಇನ್ನಿಬ್ಬರ ಕವರುಗಳಿಗೆ ಹಂಚಿಹೋಗಿದ್ದವು.

ತಾಯಿ ನಕ್ಷೆಯನ್ನು ನೋಡಿ, “ಇವಳು ಜೆಪ್ಪಿನ ದೊಡ್ಡ ಅಲ್ಲವಾ?” ಎಂದರು.

ಈ ಹೆಸರು ನನಗೂ ಕೇಳಿದ್ದೇ. ಅಜ್ಜಿ ತುಳುವಿನಲ್ಲಿ ‘ಜೆಪ್ಪುದ ದೊಡ್ಡ’ ಎಂದು ಯಾರನ್ನೋ ಸ್ಮರಿಸುತ್ತಿದ್ದರು. ಶಾಲೆಯ ಕನ್ನಡ ಕಲಿತ ಹುಡುಗನಾದ ನಾನು, ಜೆಪ್ಪಿನಲ್ಲಿರುವ ಯಾವುದೋ ದೊಡ್ಡ ವಸ್ತು, ಬಹುಶಃ ಹೆಂಚಿನ ಕಾರ್ಖಾನೆಯ ಚಿಮಣಿ, ಎಂದು ತಿಳಿದಿದ್ದೆ. ತುಳುವಿನಲ್ಲಿ ‘ದೊಡ್ಡ’ ಎಂದರೆ ಅಜ್ಜಿ. ಎಂ.ಎ. ಮಾಡಿ ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಮನೆಮಾತಿನ ಒಂದು ನೆಂಟಸ್ತಿಕೆಯ ಪದ ಅಷ್ಟು ತಡವಾಗಿ ಹೊಳೆದುದಕ್ಕೆ ನಾಚಿಕೆಯಾಯಿತು. ಜೆಪ್ಪಿನ ಅಜ್ಜಿ ಬೇಸಗೆಯಲ್ಲಿ ಒಮ್ಮೆ ಬರುತ್ತಿದ್ದಳಂತೆ. ಮನೆಯೊಳಕ್ಕೆ ಕಾಲಿಡುತ್ತಿರಲಿಲ್ಲ. ಜಗಲಿಯ ತುದಿಯಲ್ಲಿ ಕುಳಿತು ಎಲೆಯಡಿಕೆ ಹಾಕಿ, ಹಿತ್ತಿಲ ಮರದ ಒಂದು ಹಲಸಿನ ಹಣ್ಣನ್ನು ತಲೆಯ ಮೇಲೆ ಹೊತ್ತು ಹೋಗುತ್ತಿದ್ದಳು. “ಯಾಕೆ ಒಳಗೆ ಬರ್ತಿರಲಿಲ್ಲ?” ಎಂದು ತಾಯಿಯನ್ನು ಕೇಳಿದೆ. “ಅವಳು ಪಾದ್ರಿಗಳ ಕಡೆ ಸೇರಿದ್ದಳಂತೆ” ಎಂದು ತಾಯಿ ಕಲೆಂಬಿಯ ಮುಚ್ಚಳ ಹಾಕಿದರು.

ಪೂರ್ವಿಕರನ್ನು ಹುಡುಕುವ ಕೆಲಸ ನಮ್ಮ ಜಿಲ್ಲೆಯಲ್ಲಿ ವಿಚಿತ್ರವಾದುದು. ಕಾಗದ ಇಲ್ಲವೆಂದಲ್ಲ, ಅದು ಊರೂರು ಅಲೆದಿದೆ. ವಿಜಯನಗರದ, ಕೆಳದಿಯ ಕಾಲದಿಂದ ಶ್ಯಾನುಭೋಗರು ಲೆಕ್ಕ ಬರೆಯುತ್ತಿದ್ದುದು ಕಡತಗಳಲ್ಲಿ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು ಮಡಿಸಿದ ಕರಿಯ ಪುಸ್ತಕಗಳವು, ಬಳಪದಿಂದ ಬರೆಯುವಂಥವು. 1799ರಲ್ಲಿ ಈ ಸೀಮೆ ಕುಂಪಣಿಯ ಕೈಗೆ ಬಂದಾಗ ಮೊದಲ ಕಲೆಕ್ಟರನಾದ ಮನ್ರೋ ಹಳೆಯ ತೀರ್ವೆಯನ್ನು ತಿಳಿದುದು ಈ ಲೆಕ್ಕಗಳಿಂದಲೇ. ಹಿಡುವಳಿಯ ಲೆಕ್ಕಕ್ಕೂ ಹಿಡುವಳಿಗೂ ‘ವರ್ಗ’ ಎಂಬ ಒಂದೇ ಹೆಸರು ನಮ್ಮಲ್ಲಿ ಉಳಿದಿರುವುದೂ ಅರ್ಥಪೂರ್ಣ. ಆಮೇಲೆ ಕನ್ನಡ ಜಿಲ್ಲೆ ಎರಡಾಗಿ ಉತ್ತರದ ಭಾಗ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಹೋಯಿತು; ದಕ್ಷಿಣದ್ದು ಮದರಾಸಿನಲ್ಲಿ ಉಳಿಯಿತು. 1956ರ ನವೆಂಬರ್ 1ರಂದು ನಾವು ಮೈಸೂರಿಗೆ, ಕಾಸರಗೋಡು ಕೇರಳಕ್ಕೆ. 1997ರಲ್ಲಿ ಉಡುಪಿ ಬೇರೆ ಜಿಲ್ಲೆ. ಒಂದೇ ಮನೆತನದ ಕಾಗದವನ್ನು ಮಂಗಳೂರಿನ ತಾಲೂಕು ಕಚೇರಿಯಲ್ಲಿಯೂ ಚೆನ್ನೈನ ಎಗ್ಮೋರಿನ ದಫ್ತರಖಾನೆಯಲ್ಲಿಯೂ ಕಾಸರಗೋಡಿನಲ್ಲಿಯೂ ಅರಸಬೇಕಾಗುವುದು ಹೀಗೆ.

ಅದೂ ಯಾರ ಕಾಗದ? ವರ್ಗದಾರನ ಹೆಸರು ಬರೆದಿರುತ್ತದೆ. ಅವನ ಗದ್ದೆಯಲ್ಲಿ ಬಗ್ಗಿದವನದು ಇರುವುದಿಲ್ಲ. ತಾಳೆಯ ಮರ ಹತ್ತಿ ಕಳ್ಳು ಇಳಿಸಿದವನ ವಂಶಾವಳಿಯನ್ನು ಯಾವ ಶ್ಯಾನುಭೋಗ ಬರೆದಾನು? ಹುಟ್ಟುಸಾವಿನ ಪುಸ್ತಕಗಳಲ್ಲಿಯೂ ಮಗುವಿಗೆ ಹೆಸರಿಡುವ ಮೊದಲೇ ಬರೆಸಿದ್ದರಿಂದ ‘ಹೆಣ್ಣು’ ಎಂದಷ್ಟೇ ಇರುವುದು ಸಾಮಾನ್ಯ. ಶಾಲೆಯ ದಾಖಲಾತಿ ಪುಸ್ತಕ ಒಳ್ಳೆಯ ಆಧಾರವೇ, ಆದರೆ ಅದರಲ್ಲಿ ಊರಿನ ಅರ್ಧ ಮಕ್ಕಳು ಶಾಲೆ ತೆರೆಯುವ ತಿಂಗಳಿಗೆ ಸರಿಹೊಂದುವಂತೆ ಹುಟ್ಟಿದ್ದಾರೆ. ಹೆಡ್ ಮಾಸ್ತರರು ಕಲ್ಪಿಸಿಕೊಟ್ಟ ಜನ್ಮದಿನಗಳವು. ನನ್ನ ತಾಯಿಯದೂ ಹಾಗೆಯೇ.

ಅಕ್ಷರದ ಹೊರಗಿನ ದಾಖಲೆ ನಮ್ಮಲ್ಲಿ ಬೇರೆ ಇದೆ. ಬರಿ ಎಂಬುದು ಅಂಥದೊಂದು. ತಾಯಿಯಿಂದ ಬರುವ ಈ ಗೋತ್ರವನ್ನು ಮದುವೆಯ ಮಾತು ಬಂದೊಡನೆ ಕೇಳುತ್ತಾರೆ. ಒಂದೇ ಬರಿಯವರಿಗೆ ಸಂಬಂಧವಿಲ್ಲ. ಪಾಡ್ದನಗಳು ಇನ್ನೊಂದು. ಕೋಟಿ ಚೆನ್ನಯರ ಪಾಡ್ದನ ನೆನೆಯುವುದು ತಾಯಿ ದೇಯಿ ಬೈದೆತಿಯನ್ನು, ಸಾಕಿದ ಮಾವ ಸಾಯನ ಬೈದ್ಯನನ್ನು. ಉತ್ತರದಲ್ಲಿ ಹರಿದ್ವಾರದ ಪಂಡಾಗಳು ಯಾತ್ರಿಕರ ಮನೆತನಗಳನ್ನು ಊರು ಊರಾಗಿ ಉದ್ದನೆಯ ಬಹಿಗಳಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಊರಿನ ಕ್ಯಾಥೊಲಿಕರ ಕಥೆ ಕರುಣಾಜನಕ: 1784ರಲ್ಲಿ ಟಿಪ್ಪು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ, ಚರ್ಚುಗಳು ನೆಲಸಮವಾದವು, 1799ರ ಬಳಿಕ ಬದುಕುಳಿದವರು ಮರಳಿ ಬಂದು ಹೊಸದಾಗಿ ಪುಸ್ತಕ ತೆರೆದರು. ಅಷ್ಟರಿಂದಲೇ ಡಾ. ಮೈಕೆಲ್ ಲೋಬೊ ಅವರು ಸಾವಿರಕ್ಕೂ ಮಿಕ್ಕ ಕ್ಯಾಥೊಲಿಕ ಮನೆತನಗಳ ವಂಶಾವಳಿಯನ್ನು ಕಲೆಹಾಕಿದ ಸಾಹಸ ಸಣ್ಣದಲ್ಲ. ಬರೆದಿಡುವ ಅಭ್ಯಾಸ ಒಂದು ಸಮುದಾಯಕ್ಕೆ ಏನು ಮಾಡಿಕೊಡಬಲ್ಲುದು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಜೆಪ್ಪಿನ ದೊಡ್ಡ ಪಾದ್ರಿಗಳ ಕಡೆ ಸೇರಿದ್ದು ನಿಜವಾದರೆ ಅವಳು ನಮ್ಮೆಲ್ಲರಿಗಿಂತ ಅದೃಷ್ಟವಂತಳು, ಅವಳ ಹೆಸರು ಎಲ್ಲಿಯೋ ಬರೆದಿರಬೇಕು, ಎಂದು ನನಗೆ ಅನ್ನಿಸಿತು. ಬಾಸೆಲ್ ಮಿಷನ್ನಿನ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದಿಳಿದುದು 1834ರಲ್ಲಿ. ಮೊಗ್ಲಿಂಗನ ‘ಮಂಗಳೂರು ಸಮಾಚಾರ’ದ ಮೂಲಕ, ಕಿಟ್ಟೆಲರ ನಿಘಂಟಿನ ಮೂಲಕ ಕನ್ನಡಿಗರಿಗೆ ಆ ಮಿಷನ್ ಪರಿಚಿತ. 1844ರಲ್ಲಿ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ದೀಕ್ಷೆ ಪಡೆದು ಬಾಸೆಲಿಗೆ ಹೋಗಿ ಪಾದ್ರಿಯಾಗಿ ಮರಳಿದ ಕಥೆಯೂ ಪ್ರಸಿದ್ಧ. ಆದರೆ ಸಭೆಯನ್ನು ತುಂಬಿದವರು ಹೆಚ್ಚಾಗಿ ಬಿಲ್ಲವರು. 1870ರ ಸುಮಾರಿಗೆ ನಮ್ಮ ಜನದಲ್ಲಿ ದೊಡ್ಡ ಕಳವಳವೇ ಎದ್ದಿತ್ತು. ಗುಡಿಯೊಳಕ್ಕೆ ಬಿಡದ ಸಮಾಜದಿಂದ ಹೊರಬರುವ ದಾರಿಯನ್ನು ಕೆಲವರು ಮಿಷನ್ನಿನಲ್ಲಿ ಕಂಡರು, ಅರಸಪ್ಪನವರ ಜೊತೆಗಿದ್ದವರು 1870ರಲ್ಲಿ ಇಲ್ಲಿ ನೆಲೆಯೂರಿದ ಬ್ರಹ್ಮಸಮಾಜದಲ್ಲಿ ಕಂಡರು. ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದುದು 1912ರಲ್ಲಿ. ಅಷ್ಟರೊಳಗೆ ಎಷ್ಟೋ ಮನೆಗಳು ನಡುವೆ ಸೀಳಿದ್ದವು.

ಮತ ಬಿಟ್ಟವನಿಗೆ ಮನೆ ತಪ್ಪುತ್ತಿತ್ತು, ಕುಲದ ಕಸುಬೂ ತಪ್ಪುತ್ತಿತ್ತು. ಮಿಷನ್ ಕಳ್ಳಿನ ಕೆಲಸವನ್ನು ಒಪ್ಪುತ್ತಿರಲಿಲ್ಲ. ಹೊಟ್ಟೆಯ ಪಾಡಿಗಾಗಿ ಅವರು ಕಾರ್ಖಾನೆಗಳನ್ನೇ ತೆರೆಯಬೇಕಾಯಿತು. 1851ರಲ್ಲಿ ಬಂದ ಹಾಲರ್ ಬಲ್ಮಠದ ಮಗ್ಗಗಳನ್ನು ನೋಡಿಕೊಂಡ. ಖಾಕಿ ಬಣ್ಣ ಅಲ್ಲಿ ಸಿದ್ಧವಾಯಿತು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ಮಂಗಳೂರು ಹೆಂಚು ಎಂಬ ಹೆಸರು ಕಡಲಾಚೆಗೂ ಹೋದುದು ಅಲ್ಲಿಂದ. ಹಳೆಯ ಮಾಡುಗಳನ್ನು ಇಳಿಸುವಾಗ ಹೆಂಚಿನ ಬೆನ್ನಿನ ಮೇಲೆ ಮಿಷನ್ನಿನ ಹೆಸರು ಕಾಣಸಿಗುತ್ತದೆ. ಅದನ್ನು ಒತ್ತಿದ ಕೈಯ ಹೆಸರು ಇರುವುದಿಲ್ಲ.

ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಮಿಷನ್ನಿನ ಹಳೆಯ ಪುಸ್ತಕಗಳ ಸಂಗ್ರಹವಿದೆ. ಬಾಸೆಲ್ ನಗರದ ದಫ್ತರಖಾನೆಯ ಛಾಯಾಚಿತ್ರಗಳನ್ನು ಈಗ ಅಂತರಜಾಲದಲ್ಲಿ ಮನೆಯಲ್ಲಿಯೇ ಕುಳಿತು ನೋಡಬಹುದು. ರಾತ್ರಿಗಳನ್ನು ಕಳೆದು ನಾನು ನೋಡಿದ್ದೇನೆ. ಮಗ್ಗದ ಮುಂದೆ, ಕಾರ್ಖಾನೆಯ ಅಂಗಳದಲ್ಲಿ ಸಾಲಾಗಿ ನಿಂತ ಹೆಂಗಸರು. ದೊರೆಯ ಹೆಸರು ಕೆಳಗಿರುತ್ತದೆ, ಅವರದು ಇರುವುದಿಲ್ಲ. ಒಂದು ಚಿತ್ರದಲ್ಲಿ ಎಡಬದಿಯಿಂದ ಮೂರನೆಯವಳ ಗಲ್ಲ ನನ್ನ ಅಜ್ಜಿಯ ಗಲ್ಲದಂತೆಯೇ ಇದೆಯೆಂದು ತೋರಿ ತಾಯಿಯನ್ನು ಎಬ್ಬಿಸಿ ತೋರಿಸಿದೆ. “ನಮ್ಮ ಊರಲ್ಲಿ ಎಲ್ಲರ ಗಲ್ಲವೂ ಹೀಗೆಯೇ” ಎಂದು ಅವರು ಮಲಗಿದರು. ಹುಡುಕುವವನ ಕಣ್ಣಿಗೆ ಬೇಕಾದುದೆಲ್ಲ ಕಾಣುತ್ತದೆ. ಈ ದಾರಿಯಲ್ಲಿ ನಡೆಯುವ ಯಾರಾದರೂ ಮೊದಲು ತಿಳಿಯಬೇಕಾದ ವಿಷಯವಿದು. ಹೆಸರು ಕೂಡಿತೆಂದು ವಂಶ ಕೂಡಿಸಬಾರದು. ಹೆಸರು, ಮನೆ, ವಯಸ್ಸು ಮೂರೂ ಕೂಡಬೇಕು.

ಮೂರೂ ಕೂಡಿದುದು ನಗರದ ಒಂದು ಹಳೆಯ ಸಭೆಯ ದೀಕ್ಷಾಸ್ನಾನದ ಪುಸ್ತಕದಲ್ಲಿ. ನನ್ನ ಅರ್ಜಿಯನ್ನು ಓದಿದ ಪಾದ್ರಿಗಳು ಸೌಜನ್ಯದಿಂದ ಪುಸ್ತಕವನ್ನು ತಾವೇ ತೆಗೆದು ಪುಟ ತಿರುವಿದರು. ಕಾಗದ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. 1901ರ ಒಂದು ಸಾಲು: ಹಳೆಯ ಹೆಸರು, ಹೊಸ ಹೆಸರು, ವಯಸ್ಸು ಇಪ್ಪತ್ತಾರು, ಗಂಡ ತೀರಿಕೊಂಡವನು, ನಮ್ಮ ಗ್ರಾಮ, ನಮ್ಮ ಮನೆ. ಅದರ ಕೆಳಗಿನ ಸಾಲು ಅವಳ ಮಗಳದು, ವಯಸ್ಸು ಎರಡು. ಕಾರಣವೇನೆಂದು ಅಂಥ ಪುಸ್ತಕ ಕೇಳುವುದಿಲ್ಲ. ಸಮಾಧಿಯ ಪುಸ್ತಕದಲ್ಲಿ 1941ರಲ್ಲಿ ಅದೇ ಹೊಸ ಹೆಸರು ಮತ್ತೆ ಬರುತ್ತದೆ: ಜೆಪ್ಪು, ವಯಸ್ಸು ಅರುವತ್ತಾರು.

ನಾನು ಆ ದಿನ ಬಲ್ಮಠದ ಗುಡ್ಡ ಇಳಿದು ಹಂಪನಕಟ್ಟೆಯ ತನಕ ನಡೆದೇ ಬಂದೆ. ಪಾಲುಪಟ್ಟಿಯ ಆ ಎರಡು ಮಾತುಗಳಲ್ಲಿ ಒಂದು ನಿಜವಾಗಿತ್ತು. 1953ರಲ್ಲಿ ಅವಳು ಮೃತಳು, ಸರಿ. ನಿಸ್ಸಂತತಿ? ಪಾಲುಪಟ್ಟಿ ರಿಜಿಸ್ಟರಾದ ದಿನ ಆ ಎರಡು ವರ್ಷದ ಮಗು ಐವತ್ತನಾಲ್ಕರ ಹೆಂಗಸಾಗಿ, ತಾನೂ ಮಕ್ಕಳ ತಾಯಿಯಾಗಿ, ನಮ್ಮ ಮನೆಯಿಂದ ಅರ್ಧ ದಿನದ ನಡಿಗೆಯೊಳಗೆ ಬದುಕಿದ್ದಳು. ಇದು ಬರಹಗಾರನಿಗೆ ತಿಳಿಯದಿರಬಹುದು. ಮನೆಯವರಿಗೆ ತಿಳಿಯದಿರಲು ಸಾಧ್ಯವಿಲ್ಲ, ಹಲಸಿನ ಹಣ್ಣು ಹೊತ್ತುಕೊಂಡು ಹೋಗುತ್ತಿದ್ದವಳನ್ನು ಕಂಡವರೇ ಅವರು.

ಕಾನೂನು ಬಲ್ಲ ಗೆಳೆಯರೊಬ್ಬರನ್ನು ಕೇಳಿದೆ. ಮತ ಬಿಟ್ಟವರ, ಜಾತಿಯಿಂದ ಹೊರಹಾಕಿದವರ ಆಸ್ತಿಯ ಹಕ್ಕು ಅದರಿಂದಲೇ ನಷ್ಟವಾಗಬಾರದೆಂದು 1850ರಷ್ಟು ಹಿಂದೆಯೇ ಕುಂಪಣಿ ಸರಕಾ‌ರ ಕಾಯಿದೆ ಮಾಡಿತ್ತು. ಮಗಳು ಹುಟ್ಟಿದುದು ಮತಾಂತರಕ್ಕೆ ಮೊದಲು. “ವಾದಕ್ಕೆ ನಿಲ್ಲುತ್ತಿತ್ತು” ಎಂದರು ಅವರು. ವಾದಕ್ಕೆ ನಿಲ್ಲುತ್ತಿತ್ತೆಂಬುದನ್ನು ಬಲ್ಲ ಯಾರೋ ಅಂದು ಕುಳಿತು, ಆ ವಾದ ಹುಟ್ಟದಂತೆ ಎರಡು ಮಾತು ಬರೆಸಿದ್ದಾರೆ. ಮೂರರಲ್ಲಿ ಒಂದು ಕವರು ಇಲ್ಲವಾದರೆ ಉಳಿದೆರಡಕ್ಕೆ ಎಷ್ಟು ಹೆಚ್ಚಾಗುತ್ತದೆ? ಲೆಕ್ಕ ಹಾಕಿ ನೋಡಿದೆ: ಒಂದು ಬೆಟ್ಟುಗದ್ದೆ, ಇಪ್ಪತ್ತರ ಒಳಗಿನ ತೆಂಗು. ಇಷ್ಟಕ್ಕಾಗಿಯೇ ಎಂದು ಇಂದು ಸಂಬಳದ ಮೇಷ್ಟರು ಬರೆಯುವುದು ಸುಲಭ. ಇಷ್ಟೇ ಇದ್ದವರಿಗೆ ಇಷ್ಟು ಎಂದರೆ ಏನು ಎಂಬುದು ನನಗೆ ತಿಳಿಯದ್ದೇನೂ ಅಲ್ಲ; ಆ ತೆಂಗಿನ ಕಾಯಿ ಮಾರಿದ ದುಡ್ಡಿನಲ್ಲಿ ನನ್ನ ತಾಯಿ ಶಾಲೆ ಕಲಿತರು, ತಾಯಿ ಕಲಿತುದರಿಂದ ನಾನು ಕಲಿತೆ.

ಉಪನೋಂದಣಿ ಕಚೇರಿಯಿಂದ ತೆಗೆಸಿದ ಪಾಲುಪಟ್ಟಿಯ ಪೂರ್ಣ ನಕಲನ್ನು ಮತ್ತೊಮ್ಮೆ ಓದಿದಾಗ, ಮನೆಯ ಪ್ರತಿಯಲ್ಲಿ ಹರಿದುಹೋಗಿದ್ದ ಕೊನೆಯ ಪುಟ ಸಿಕ್ಕಿತು. ಯಜಮಾನನ ರುಜು, ಸಾಕ್ಷಿಗಳ ರುಜು, ಆಮೇಲೆ ಪ್ರಾಯಕ್ಕೆ ಬಂದ ಹೆಂಗಸರ ಹೆಬ್ಬೆಟ್ಟಿನ ಗುರುತುಗಳು. ಮೂರನೆಯ ಗುರುತು ಇಪ್ಪತ್ತಮೂರು ವಯಸ್ಸಿನ ನನ್ನ ಅಜ್ಜಿಯದು. ಜೆಪ್ಪಿನ ದೊಡ್ಡನ ಮಡಿಲಲ್ಲಿ ಕುಳಿತು ಎಲೆಯಡಿಕೆಯ ವಾಸನೆ ಕುಡಿದವಳು. ಓದಿ ಹೇಳಿದರೆಂದು ದಸ್ತಾವೇಜಿನಲ್ಲಿ ಬರೆದಿದೆ. ಎಲ್ಲ ದಸ್ತಾವೇಜುಗಳಲ್ಲಿಯೂ ಹಾಗೆಯೇ ಬರೆದಿರುತ್ತದೆ.

ತಾಯಿಗೆ ಇದನ್ನು ಹೇಳಲೋ ಬೇಡವೋ ಎಂದು ಒಂದು ವಾರ ಕಳೆದೆ. ಹೇಳಿದಾಗ ಅವರು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಅಮ್ಮ ಸಾಯುವ ವರ್ಷ, ಜೆಪ್ಪಿನಲ್ಲಿ ನಮ್ಮವರು ಇದ್ದಾರೆ, ಒಮ್ಮೆ ಹೋಗಿ ಬಾ ಅಂತ ಎರಡು ಸಲ ಹೇಳಿದ್ದರು. ನಾನು ಹೋಗಲಿಲ್ಲ. ಯಾರ ಮನೆ ಅಂತ ಹೋಗುವುದು?” ಎಂದರು.

ಯಾರ ಮನೆ ಎಂಬುದನ್ನು ಪಾದ್ರಿಗಳು ಹೇಳಿದರು. ಅವಳ ಮಗಳ ಮಗಳು ಇನ್ನೂ ಇದ್ದರು. ಎಂಬತ್ತರ ಮೇಲಾದ ವಯಸ್ಸು, ಕಣ್ಣು ಚುರುಕು, ಕಾಲಿಗೆ ಮಾತ್ರ ಸೋಲು. ಮುಂಚಿತವಾಗಿ ತಿಳಿಸಿ ಒಂದು ಶನಿವಾರ ಸಂಜೆ ಹೋದೆ. ತಾಯಿಗೆ ಆ ದಿನ ಮೈ ಸರಿಯಿಲ್ಲವಾಯಿತು. ಸರಿಯಿಲ್ಲವೆಂದು ಅವರು ಹೇಳಿದರು. ಕೈಯಲ್ಲಿ ನಕಲುಗಳ ಚೀಲ ಹಿಡಿದು ಆ ಮನೆಯ ಮೆಟ್ಟಿಲು ಹತ್ತುವಾಗ ನಾನು ವಂಶವನ್ನು ಹುಡುಕುವ ವಿದ್ವಾಂಸನಾಗಿರಲಿಲ್ಲ, ಸಾಲ ತೀರಿಸದೆ ತಲೆತಪ್ಪಿಸಿಕೊಂಡವರ ಮನೆಯ ಹುಡುಗನಾಗಿದ್ದೆ.

“ಬನ್ನಿ ಮಾಷ್ಟ್ರೆ. ನಮ್ಮ ಬೈಬಲ್ಲಿನಲ್ಲಿ ನಿಮ್ಮ ಮನೆಯ ಹೆಸರುಂಟು” ಎಂಬುದೇ ಅವರ ಮೊದಲ ಮಾತು.

ಬಾಗಿಲ ಬಳಿಯ ಮೇಜಿನ ಮೇಲೆ ಅದನ್ನು ತೆಗೆದಿಟ್ಟಿದ್ದರು. ಹಳೆಯ ಕನ್ನಡ ಬೈಬಲ್, ಹೊದಿಕೆ ಎರಡು ಸಲ ಬದಲಾದದ್ದು. ಒಳಗಿನ ಬಿಳಿಯ ಹಾಳೆಯಲ್ಲಿ ಮನೆಯ ಹುಟ್ಟು, ಮದುವೆ, ಮರಣಗಳ ಪಟ್ಟಿ, ಬೇರೆ ಬೇರೆ ಕೈಗಳಲ್ಲಿ, ಬೇರೆ ಬೇರೆ ಮಸಿಯಲ್ಲಿ. ಮೊದಲ ಸಾಲಿನಲ್ಲಿ ಜೆಪ್ಪಿನ ದೊಡ್ಡನ ಹೊಸ ಹೆಸರು, ಅದರ ಮುಂದೆ ‘ಇಂಥ ಮನೆಯವಳು’ ಎಂದು ನಮ್ಮ ಮನೆಯ ಹೆಸರು. ಕಾಗುಣಿತದ ಒಂದು ತಪ್ಪೂ ಇಲ್ಲ. ನಾವು ನಮ್ಮ ಪಟ್ಟಿಯಿಂದ ಅವಳನ್ನು ಹೊಡೆದುಹಾಕಿದ್ದೆವು. ಅವಳು ತನ್ನ ಪಟ್ಟಿಯನ್ನು ನಮ್ಮಿಂದಲೇ ಆರಂಭಿಸಿದ್ದಳು.

“ನಮ್ಮ ಬರಿ ಯಾವುದು?” ಎಂದು ಅವರು ಕೇಳಿದರು. ತಾಯಿ ಹೇಳಿದ್ದು ಅರ್ಧ ನೆನಪಂತೆ. ಹೇಳಿದೆ. ಅವರು ಎರಡು ಸಲ ಬಾಯಲ್ಲಿ ಆಡಿಸಿ ನೋಡಿ, ಹೌದು ಅದೇ, ಎಂದು ತಲೆಯಾಡಿಸಿದರು. ಮದುವೆಗಾಗಿಯೂ ಅಲ್ಲ, ಆಸ್ತಿಗಾಗಿಯೂ ಅಲ್ಲ, ನೂರಿಪ್ಪತ್ತು ವರ್ಷಗಳ ಆಚೆಯಿಂದ ಆ ಪದ ಯಾಕಾಗಿ ಉಳಿದಿತ್ತೋ.

ಚೀಲದಿಂದ ಪಾಲುಪಟ್ಟಿಯ ನಕಲನ್ನು ತೆಗೆಯಬೇಕಾಯಿತು. ತೆಗೆಯದೆ ಬಂದಿದ್ದರೂ ಯಾರೂ ಕೇಳುತ್ತಿರಲಿಲ್ಲ, ಆದರೆ ಹಾಗೆ ಬರಲು ಆಗಲಿಲ್ಲ. ಕನ್ನಡಕ ಹಾಕಿಕೊಂಡು ಅವರು ನಕ್ಷೆಯನ್ನು ನೋಡಿದರು, ಬೆರಳನ್ನು ಆ ಸಾಲಿನ ಕೆಳಗಿಟ್ಟು ನಿಧಾನವಾಗಿ ಓದಿದರು.

“ಇದು ಯಾರ ಅಕ್ಷರ?”

“ಬರಹಗಾರನದು. ಕೊನೆಯಲ್ಲಿ ಮೂರನೆಯ ಹೆಬ್ಬೆಟ್ಟು ನನ್ನ ಅಜ್ಜಿಯದು” ಎಂದೆ.

ಅವರು ಕೊನೆಯ ಪುಟಕ್ಕೆ ಹೋಗಲಿಲ್ಲ. ನಡುವಿನ ಪುಟಗಳಲ್ಲಿ ಆಸ್ತಿಯ ವಿವರವಿತ್ತು. ಅಲ್ಲಿ ಬೆರಳಾಡಿಸುತ್ತ ಹೋಗಿ ಒಂದು ಕಡೆ ನಿಂತರು. “ಹಲಸಿನ ಮರ ಒಂದು” ಎಂದು ಗಟ್ಟಿಯಾಗಿ ಓದಿ ನಕ್ಕರು. “ಇದನ್ನು ಬರೆಯಲು ಮರೆಯಲಿಲ್ಲ ನೋಡಿ. ನಮ್ಮ ಅಜ್ಜಿ ತರ್ತಿದ್ದದ್ದು ಈ ಮರದ್ದೇ ಅಲ್ಲವಾ? ಅದು ಬಕ್ಕೆಯೋ ತುಳುವೆಯೋ ಅಂತ ನಮ್ಮ ಅಮ್ಮನಿಗೂ ಮಾವನಿಗೂ ಸಾಯುವವರೆಗೆ ಜಗಳ. ನಿಮಗೆ ಗೊತ್ತುಂಟಾ?”

ನನಗೆ ಗೊತ್ತಿರಲಿಲ್ಲ. ಜೇಬಿನಿಂದ ದೂರವಾಣಿ ತೆಗೆದು ತಾಯಿಗೆ ಕರೆ ಮಾಡಿ, ಪ್ರಶ್ನೆಯನ್ನು ಅವರೇ ಕೇಳಲೆಂದು ಆ ಅಜ್ಜಿಯ ಕೈಗೆ ಕೊಟ್ಟೆ.